ಫೋನಿನ ಬಾಯಿಗೆ ಬಿದ್ದ ಮುದ್ದೆ

ಎದುರಾಡದೆ ಸುಮ್ಮನಿರುವುದು ನನಗೆ ಹುಟ್ಟಿನಿಂದಲೂ ಒಲಿಯದ ವಿದ್ಯೆ. ಯಾರಾದರೂ ಇವತ್ತು ಸೆಕೆ ಜಾಸ್ತಿ ಎಂದರೆ, ನಿನ್ನೆ ಇದಕ್ಕಿಂತ ಜಾಸ್ತಿಯಿತ್ತು ಎನ್ನದೆ ನನಗೆ ಉಂಡದ್ದು ಅರಗುವುದಿಲ್ಲ. ಮದ್ದೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿ ಹೇಳಿ ಈ ರೋಗ ಇನ್ನಷ್ಟು ಬಲಿತಿದೆ, ಏಕೆಂದರೆ ಅಲ್ಲಿ ನನಗೆ ತಿರುಗಿ ಹೇಳುವವರಿಲ್ಲ. ಮನೆಯಲ್ಲಿ ಹೆಂಡತಿ ಸುಶೀಲ ಇದಕ್ಕೆ ಮದ್ದು ಹುಡುಕಿ ಸೋತು, ನಾನು ಬಾಯಿ ತೆರೆದಾಗ ಮಿಕ್ಸಿ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಇಂಥವನ ಫೋನಿಗೆ ದೇವರು ಕೊಟ್ಟ ಕಾಯಿಲೆ ನೋಡಿ: ಎಲ್ಲರ ಮಾತೂ ನನಗೆ ಸ್ವಚ್ಛವಾಗಿ ಕೇಳುತ್ತದೆ, ನನ್ನ ಮಾತು ಮಾತ್ರ ಯಾರಿಗೂ ಕೇಳುವುದಿಲ್ಲ.

ಇದು ಶುರುವಾದದ್ದು ಗೃಹಪ್ರವೇಶದಿಂದ. ವೈದ್ಯನಾಥಪುರದ ದಾರಿಯಲ್ಲಿ ಹೇಗೋ ಒಂದು ಮನೆ ಎದ್ದು ನಿಂತಿತ್ತು. ನಮ್ಮ ಕಡೆ ನೆಂಟರನ್ನು ಕರೆಯುವುದೆಂದರೆ ಮನೆಗೇ ಹೋಗಬೇಕು, ಕುಂಕುಮ ಇಡಬೇಕು, ಕೊಟ್ಟ ಕಾಫಿ ಕುಡಿಯಬೇಕು, ಆಮೇಲೆ ಪತ್ರಿಕೆ ಕೈಗೆ ಕೊಡಬೇಕು. ನಾನು ಪತ್ರಿಕೆಯ ಫೋಟೊ ತೆಗೆದು, ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ, ಊರವರಿಗೆಲ್ಲ ಕಳಿಸಿ ಕೈ ತೊಳೆದುಕೊಂಡೆ. "ಮಳವಳ್ಳಿ ಅಕ್ಕಂಗೂ ಇಂಗೇ ಕಳ್ಸುಬುಟ್ರಾ?" ಎಂದಳು ಸುಶೀಲ. ಮಳವಳ್ಳಿಯ ಜಯಕ್ಕ ನನ್ನ ಒಡಹುಟ್ಟಿದ ಅಕ್ಕ. ಹೊಸಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಿಸುವುದು ಮನೆಯ ಹೆಣ್ಣುಮಗಳ ಹಕ್ಕು, ಅಂದರೆ ಅವಳ ಹಕ್ಕು. ಭಾನುವಾರ ಖುದ್ದು ಹೋಗಿ ಕರೆಯುತ್ತೇನೆ, ಇದು ಬರೀ ಮುನ್ಸೂಚನೆ ಎಂದು ನಾನು ವಾದಿಸಿದೆ. ಅಕ್ಕಿ ತೊಳೆದ ಕಲಗಚ್ಚಿನ ಬಕೆಟ್ಟನ್ನು ಹಸುವಿನ ಮುಂದಿಡುತ್ತಾ ಬಗ್ಗಿ ವಾದಿಸಿದ್ದರಿಂದ, ಜೇಬಿನಲ್ಲಿದ್ದ ಫೋನು ಅದರೊಳಕ್ಕೆ ಜಾರಿತು.

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಲೋಕವೆಲ್ಲ ಹೇಳುತ್ತದೆ. "ದ್ಯಾವ್ರ ಅಡ್ಗೆಗೆ ತಂದಿರೋ ಅಕ್ಕೀಲಿ ಕಲಗಚ್ಚು ಕುಡ್ದಿರೋ ಫೋನ್ ಇಡಾಕಾಯ್ತದಾ?" ಎಂದ ಸುಶೀಲ ಅದನ್ನು ರಾಗಿಹಿಟ್ಟಿನ ಡಬ್ಬಕ್ಕೆ ತುರುಕಿದಳು. ನೀರು ಹೀರುವುದರಲ್ಲಿ ರಾಗಿಹಿಟ್ಟನ್ನು ಮೀರಿಸುವುದು ಯಾವುದಿದೆ ಎಂದು ನನಗೂ ಅನ್ನಿಸಿತು. ಜನ್ಮದಲ್ಲಿ ಮೊದಲ ಬಾರಿಗೆ ಎದುರಾಡದೆ ಒಪ್ಪಿಕೊಂಡೆ, ಅದಕ್ಕೇ ಹೀಗಾಯಿತು.

ಬೆಳಿಗ್ಗೆ ಫೋನು ಎದ್ದು ಕೂತಿತು. ಬೆಳಕು ಬಂತು, ಹಾಡು ಬಂತು, ಗಂಟೆ ಬಡಿಯಿತು. ಕರೆ ಮಾಡಿದವರು ಮಾತ್ರ ಹಲೋ ಹಲೋ ಎಂದು ಅರಚಿ, ಬೈದು, ಇಟ್ಟುಬಿಡುತ್ತಿದ್ದರು. ಆರಿಸಿ ಹೊತ್ತಿಸಿದೆ. ಅಂಗಿ ಬಿಚ್ಚುವಂತೆ ಕವರು ಬಿಚ್ಚಿ ಊದಿದೆ. ಸೆಟ್ಟಿಂಗಿನೊಳಗೆ ಹೊಕ್ಕು ದಾರಿ ತಪ್ಪಿ ಹೊರಬರುವಷ್ಟರಲ್ಲಿ, ಫೋನಿನ ಅಕ್ಷರಗಳೆಲ್ಲ ನಾನೆಂದೂ ಕಂಡಿರದ ಯಾವುದೋ ದೇಶದ ಲಿಪಿಗೆ ತಿರುಗಿದ್ದವು. ಈ ಶಬ್ದ ಹಾಕಿದರೆ ಒಳಗಿನ ನೀರೆಲ್ಲ ಹೊರಬರುತ್ತದೆ ಎಂದು ವಿಡಿಯೋವೊಂದು ಹೇಳಿತು. ಹಾಕಿದೆ. ಕೊಟ್ಟಿಗೆಯಿಂದ ಹಸು ಅಂಬಾ ಎಂದು ಓಗೊಟ್ಟಿತೇ ಹೊರತು ನೀರು ಬರಲಿಲ್ಲ. ಫೋನು ಕೆಟ್ಟಿದೆ ಎಂದರೆ ನಂಬುವವರೂ ಇಲ್ಲ. ಸಾಲ ಕೇಳುವವರ ಕರೆ ಬಂದಾಗಲೆಲ್ಲ 'ಏನೂ ಕೇಳುಸ್ತಿಲ್ಲ ಕಣ್ಲಾ' ಎಂದು ನಾವೆಲ್ಲರೂ ಹೇಳಿ ಹೇಳಿ ಆ ಮಾತಿನ ಮಾನ ಕಳೆದಿದ್ದೇವೆ.

ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಫೋನ್ ರಿಪೇರಿ ಮಾಡುವ ನಯಾಜನ ಬಳಿ ಹೋದೆ. ಅವನು ತನ್ನ ಫೋನಿಗೆ ಕರೆ ಹಚ್ಚಿಸಿ, "ಮಾತಾಡಿ ಸಾರ್" ಎಂದ. ಪಕ್ಕದಲ್ಲೇ ನಿಂತು ಹಲೋ ಎಂದೆ. "ಚೆನ್ನಾಗ್ ಕೇಳುಸ್ತದಲ್ಲ ಸಾರ್" ಎಂದ. ಅದು ಗಾಳಿಯಲ್ಲಿ ಕೇಳಿದ್ದು ಕಣಯ್ಯ ಎಂದೆ. ಹಾಗಾದರೆ ರಸ್ತೆಯ ಆಚೆ ಬದಿಗೆ ಹೋಗಿ ಮಾತಾಡಿ ಎಂದ. ಹೋದೆ. ನಡುವೆ ಕಬ್ಬಿನ ಟ್ರ್ಯಾಕ್ಟರು ಹಾದುಹೋಗುತ್ತಿದ್ದುದರಿಂದ ತರಗತಿಯ ಗಂಟಲಿನಲ್ಲೇ ಹಲೋ ಎಂದೆ. ಎಳನೀರು ಕೊಚ್ಚುತ್ತಿದ್ದವನು ಕೈ ನಿಲ್ಲಿಸಿದ. ನಯಾಜ ಆ ಬದಿಯಿಂದಲೇ ಕೈಯೆತ್ತಿ, "ಫಸ್ಟ್ ಕ್ಲಾಸಾಗದೆ ಸಾರ್, ಓಗಿ" ಎಂದ. ನನ್ನ ಗಂಟಲು ಸರಿಯಾಗಿರುವ ತನಕ ಈ ಫೋನಿನ ರೋಗ ಯಾರಿಗೂ ಸಿಗುವುದಿಲ್ಲ ಎಂದು ನನಗೆ ಅರ್ಥವಾಯಿತು.

ಮನೆಗೆ ಬಂದರೆ ಸುಶೀಲ ಹಿತ್ತಲಲ್ಲಿ ತನ್ನ ಫೋನಿನಲ್ಲಿ ಬಹಳ ಹೊತ್ತು ಪಿಸುಗುಟ್ಟುತ್ತಿದ್ದಳು. ಒಳಗೆ ಬಂದು, "ಅಕ್ಕ ಬರಾಕಿಲ್ವಂತೆ" ಎಂದಳು. ನಾವು ಹೊಕ್ಕ ಬಾಡಿಗೆ ಮನೆಗಳಿಗೆಲ್ಲ ಹಾಲು ಉಕ್ಕಿಸಿದವಳು ಅವಳೇ. ಕಡೆಗೆ ಸ್ವಂತ ಮನೆಗೆ ಅವಳಿಲ್ಲದೆ ಕಾಲಿಡುವುದೆಂದರೆ ನಿಜಕ್ಕೂ ಸಂಕಟವಾಯಿತು. ನಿನ್ನ ಫೋನು ಕೊಡು, ಮಾತಾಡುತ್ತೇನೆ ಎಂದರೆ ಚಾರ್ಜಿಲ್ಲ ಎಂದಳು. ಅಷ್ಟರಲ್ಲಿ ನನ್ನ ಫೋನೇ ಬಡಿದುಕೊಂಡಿತು. ಅಕ್ಕ.

"ಫೋನಲ್ಲಿ ಕರ್ಯಾಕೆ ನಾನೇನ್ ಗ್ಯಾಸ್ ಸಿಲಿಂಡ್ರೇನ್ಲಾ?" ಎಂದೇ ಶುರುಮಾಡಿದಳು. ಭಾನುವಾರ ಬರುವವನಿದ್ದೆ ಎಂದೆ. "ಒಂದ್ ಅರಿಸ್ನ ಕುಂಕ್ಮಕ್ಕೆ ಗತಿಯಿಲ್ದೋಳ್ ಆಗೋದ್ನಾ ನಾನು?" ಎಂದಳು. ನಿನ್ನ ಮಗಳ ಸೀಮಂತಕ್ಕೆ ನೀನೂ ಹಾಲಿನ ವ್ಯಾನಿನ ಡ್ರೈವರ ಕೈಲಿ ಹೇಳಿಕಳಿಸಿರಲಿಲ್ಲವೇ ಎಂದು ಕೇಳಿದೆ. ಅದು ಬಹಳ ಒಳ್ಳೆಯ ಪಾಯಿಂಟು, ಫೋನು ಅದನ್ನು ನುಂಗಿತು. ಇನ್ನೂ ಮೂರ್ನಾಲ್ಕು ಪಾಯಿಂಟು ಹಾಕಿದೆ, ಎಲ್ಲವೂ ಕೆರೆಗೆ ಬಿದ್ದ ಕಲ್ಲು.

"ಯಾಕ್ಲಾ ಉಸ್ರೇ ಇಲ್ಲ? ಅಳ್ತಿದೀಯೇನ್ಲಾ?"

"ಯಾರು ಅಳ್ತಿರೋದು?" ಎಂದು ಕಿರುಚಿದೆ.

"ಅಳ್ಬ್ಯಾಡ ಬುಡು. ತಪ್ಪು ಅಂತ ಗೊತ್ತಾಯ್ತಲ್ಲ, ಸಾಕು."

"ತಪ್ಪು ನಂದಲ್ಲ."

"ಅಯ್ಯೋ, ಕಾಲ್ಗೆ ಬೀಳೋದೆಲ್ಲ ಯಾಕ್ಲಾ. ಬತ್ತೀನಿ ಸುಮ್ಕಿರು. ನಿನ್ ಮನೆಗೆ ನಾನಲ್ದೆ ಇನ್ಯಾರ್ ಹಾಲುಕ್ಸಾರು" ಎಂದವಳು ಮೂಗು ಒರೆಸಿಕೊಂಡು ಫೋನಿಟ್ಟಳು.

ಅಕ್ಕ ಬರುತ್ತಾಳೆಂಬ ಸಂತೋಷ ಒಂದು ಕಡೆ, ಆಡದ ಮಾತಿನಿಂದ ಗೆದ್ದೆನಲ್ಲ ಎಂಬ ಅವಮಾನ ಇನ್ನೊಂದು ಕಡೆ. ಈಗಲೇ ಮಳವಳ್ಳಿಗೆ ಹೋಗಿ, ನಾನು ಅತ್ತಿಲ್ಲ ಎಂದು ಸ್ಪಷ್ಟಪಡಿಸಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. "ಅಲ್ಲಿಗೋದ್ರೆ ಹಾಲು ನೀವೇ ಉಕ್ಸಬೇಕಾಯ್ತದೆ" ಎಂದಳು ಸುಶೀಲ. ಚಪ್ಪಲಿ ಬಿಟ್ಟೆ.

ಗೃಹಪ್ರವೇಶವಾಯಿತು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಬಂದು ಹಾಲು ಉಕ್ಕಿಸಿದಳು, ನಾನು ಕಣ್ಣು ಒರೆಸಿಕೊಂಡೆ. ಹೊಗೆಗೆ ಎಂದು ಹೇಳಿದರೂ ಗ್ಯಾಸ್ ಒಲೆಯಾದ್ದರಿಂದ ಯಾರೂ ನಂಬಲಿಲ್ಲ. ಮಾರನೆಯ ದಿನ ಬಾಡೂಟ. ಪಂಕ್ತಿಯಿಂದ ಪಂಕ್ತಿಗೆ ಹೋಗಿ ಅಕ್ಕ, "ನನ್ ತಮ್ಮ ಫೋನಲ್ಲಿ ಗೊಳೋ ಅಂತ ಅತ್ಬುಟ್ಟ ಕಣಮ್ಮ" ಎಂದು ಬಡಿಸುವವರಿಗಿಂತ ಧಾರಾಳವಾಗಿ ಬಡಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಉಂಡು ಎದ್ದ ನಯಾಜ, ಸುಮ್ಮನೆ ಕೂರಲಾರದೆ ನನ್ನ ಫೋನು ಇಸಿದುಕೊಂಡು, ಯಾರದೋ ಸೆರಗಿನ ಪಿನ್ನಿನಿಂದ ಕೆಳಗಿನ ಸಣ್ಣ ತೂತನ್ನು ಕೆದಕಿದ. ಒಣಗಿದ ಕಪ್ಪು ಉಂಡೆಯೊಂದು ಉದುರಿತು. ಮೂಸಿ ನೋಡಿ, "ಸಾರ್, ಮುದ್ದೆ" ಎಂದ.

ನಾನು ಎದ್ದು ನಿಂತೆ. ಎಲ್ಲರೂ ನೋಡಿ, ಮೈಕಿನ ಬಾಯಿಗೆ ಮುದ್ದೆ ಬಿದ್ದಿತ್ತು, ನಾನು ಅಳಲಿಲ್ಲ, ಅಕ್ಕನ ಒಂದೊಂದು ಮಾತಿಗೂ ಉತ್ತರ ಕೊಟ್ಟೆ, ಅವಳಿಗೆ ಕೇಳಲಿಲ್ಲ ಅಷ್ಟೇ ಎಂದು ಪಂಕ್ತಿಗೆಲ್ಲ ಸಾರಿದೆ.

"ಗೊತ್ತು ಕಣ್ಲಾ" ಎಂದಳು ಅಕ್ಕ. "ನಿನ್ ಫೋನ್ ಬಾಯಿ ಕಟ್ಟೋಗದೆ, ಏನಂದ್ರೂ ತಿರುಗ್ಸಿ ಅನ್ನಾಕಾಗಾಕಿಲ್ಲ, ಈಗ್ಲೇ ಫೋನ್ ಮಾಡಕ್ಕ ಅಂತ ಸುಶೀಲ ಯೋಳಿದ್ಲು. ಹುಟ್ಟಿದಾಗಿಂದ ಒಂದ್ ಸಲನಾದ್ರೂ ನನ್ ಮಾತು ಪೂರ್ತಿಯಾಗ್ಲಿ ಅಂತ ಮಾಡ್ದೆ. ಈಗ ಯೋಳು, ಏನ್ ಯೋಳ್ಬೇಕಾಗಿತ್ತು?"

ಪಂಕ್ತಿಯೆಲ್ಲ ಕೈ ನಿಲ್ಲಿಸಿ ನನ್ನ ಕಡೆ ತಿರುಗಿತು. ಇಷ್ಟು ಕಿವಿಗಳು ಒಟ್ಟಿಗೆ ನನಗೆ ಎಂದೂ ಸಿಕ್ಕಿರಲಿಲ್ಲ. ಹಾಲಿನ ವ್ಯಾನಿನ ಪಾಯಿಂಟು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಕ್ಕ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವಳ ಮುಖ ನೋಡಿದಾಗ ಹೊಳೆಯಿತು.

"ಊಟಕ್ಕೆ ಬಾರಕ್ಕ" ಎಂದೆ.

"ನೋಡು, ಇಷ್ಟೇ ಕಣ್ಲಾ. ಇದ್ನೇ ಮಳವಳ್ಳಿಗೆ ಬಂದು ಅಂದಿದ್ರೆ ಆಗ್ತಿತ್ತು" ಎಂದು ಪಕ್ಕದಲ್ಲಿ ಕೂತಳು.

ಅದಕ್ಕೂ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರವಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಸುಶೀಲ ನನ್ನ ಎಲೆಗೆ ಇನ್ನೊಂದು ಮುದ್ದೆ ಹಾಕಿದಳು.