ಮುನಿಯಾ ನೀರು ಕುಡಿಯದ ದಿನ

ಎಲ್ಲಕ್ಕೂ ಕಾರಣ ಎರಡು ಹಲ್ಲು. ಅವೂ ಹುಟ್ಟಿನಿಂದ ಬಂದವಲ್ಲ, ಕಟ್ಟಿಸಿಕೊಂಡವು.

ಬಾರಾಬಂಕಿ ಸ್ಟೇಷನ್ನಿನ ಮುಂದೆ ಟೆಂಪೊಗಳು ಬರುವುದಕ್ಕೆ ಮುಂಚಿನ ಮಾತಿದು. ಆಗ ರೈಲಿಳಿದವರ ಮೂಗಿಗೆ ಮೊದಲು ಬಡಿಯುತ್ತಿದ್ದದ್ದು ಲದ್ದಿ, ಹಸಿ ಹುಲ್ಲು, ಒದ್ದೆ ಗೋಣಿಯ ವಾಸನೆ. ಕಿವಿಗೆ ಬೀಳುತ್ತಿದ್ದದ್ದು ಶಿಳ್ಳೆ. ಬೇವಿನ ಮರದ ಕೆಳಗೆ ಒಂದು ಕಲ್ಲಿನ ತೊಟ್ಟಿ ಇತ್ತು, ಯಾರೋ ಪುಣ್ಯಾತ್ಮ ತಾಯಿಯ ಹೆಸರಲ್ಲಿ ಕಟ್ಟಿಸಿದ್ದು. ಬೇಸಿಗೆಯ ಬಿಸಿಗಾಳಿ ಮುಖ ಸುಡುವ ಹೊತ್ತಿನಲ್ಲಿ ಟಾಂಗಾದವರು ಕುದುರೆಗಳನ್ನು ಬಿಚ್ಚಿ ಅಲ್ಲಿಗೆ ತರುತ್ತಿದ್ದರು. ಮೂತಿ ನೀರಿಗೆ ತಾಗಿಸಿ ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದರು. ಶಿಳ್ಳೆಯಿಲ್ಲದೆ ಕುದುರೆಗೆ ನೀರು ಕುಡಿಸುವುದೆಂದರೆ ಜೋಗುಳವಿಲ್ಲದೆ ಕೂಸು ಮಲಗಿಸಿದ ಹಾಗೆ ಎಂದು ಅವರ ನಂಬಿಕೆ. ಒಬ್ಬೊಬ್ಬನದು ಒಂದೊಂದು ರಾಗ, ಒಂದೊಂದು ಕುದುರೆಗೂ ತನ್ನ ಯಜಮಾನನ ರಾಗವೇ ಆಗಬೇಕು. ಈಗ ಅಲ್ಲಿ ಬರೀ ಹಾರ್ನು.

ಶುಬರಾತಿ ಮಿಯಾನ ಮುಂದಿನ ಎರಡು ಹಲ್ಲುಗಳನ್ನು ಹಿಂದೊಂದು ಕುದುರೆ ಒದ್ದು ಕೆಡವಿ ಎಷ್ಟೋ ವರ್ಷವಾಗಿತ್ತು. ಅವನಿಗೆ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆಯಾದದ್ದು ಹೆಂಡತಿ ಬತೂಲನ್‌ಗೆ, ಮಗಳು ಕನೀಜ್‌ಗೆ ಸಂಬಂಧ ಕೂಡಿಬಂದಾಗ.

"ಕನೀಜ್‌ಳ ಅಬ್ಬಾ, ಗೊಂಡಾದಿಂದ ಬೀಗರಾಗೋರು ಬರ್ತಾ ಇದಾರೆ. ನೀವು ಬಾಯಿ ಬಿಟ್ರೆ ಬಾಗಿಲು ಕಿತ್ತೋದ ಮನೆ ಥರಾ ಕಾಣುತ್ತೆ. ಹೋಗಿ ಹಲ್ಲು ಕಟ್ಟಿಸ್ಕೊಂಡು ಬನ್ನಿ."

ಬೀಗರು ಬರುವ ದಿನವೇ ಬೆಳಿಗ್ಗೆ ಶುಬರಾತಿ ಗಡಿಯಾರದ ಕಂಬದ ಕೆಳಗೆ ಕೂರುವ ಹಲ್ಲಿನವನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಹಲ್ಲು ಹಾಕಿಸಿಕೊಂಡ. ಹಲ್ಲಿನವನು ತಂತಿ ಬಿಗಿದು, "ಇವತ್ತೊಂದಿನ ಬಾಯಿ ಮುಚ್ಕೊಂಡಿರಿ ಚಾಚಾ. ಗಾಳಿ ಆಡಿದ್ರೆ ಸಡಿಲ ಆಗುತ್ತೆ" ಎಂದ.

ಬಾಯಿ ಮುಚ್ಚಿಕೊಂಡಿರುವುದಕ್ಕೆ ಶುಬರಾತಿಗೆ ಬೇರೆ ಕಾರಣವೂ ಇತ್ತು. ಮೊನ್ನೆ ಈದ್‌ಗೆ ಝಬ್ಬನ್ ಉಸ್ತಾದ್ ಗಡ್ಡಕ್ಕೆ ಬಣ್ಣ ಹಚ್ಚಿಕೊಂಡು ಬಂದಿದ್ದ. ಝಬ್ಬನ್ ಎಂದರೆ ಟಾಂಗಾ ಸ್ಟ್ಯಾಂಡಿನ ಹಿರಿತಲೆ. "ಉಸ್ತಾದ್, ಮದುಮಗಳು ಯಾರು?" ಎಂದು ವಾರವಿಡೀ ಅವನ ಪ್ರಾಣ ತಿಂದವನು ಇದೇ ಶುಬರಾತಿ. ಈಗ ಹಲ್ಲು ಕಂಡರೆ ಸ್ಟ್ಯಾಂಡಿನವರು ಸುಮ್ಮನೆ ಬಿಟ್ಟಾರೆಯೇ? ಬಿಸಿಗಾಳಿಯ ನೆಪ ಹೇಳಿ, ಅಂಗವಸ್ತ್ರವನ್ನು ಮೂಗಿನ ತನಕ ಸುತ್ತಿಕೊಂಡೇ ಅವನು ಸ್ಟ್ಯಾಂಡಿಗೆ ಬಂದ.

ಟಾಂಗಾದವರಲ್ಲಿ ಒಂದು ಪದ್ಧತಿ. ಹೆಣ್ಣಿನ ಮನೆಗೆ ಬರುವ ಗಂಡಿನ ಅಪ್ಪ ಮೊದಲು ನೋಡುವುದು ಹುಡುಗಿಯನ್ನಲ್ಲ, ಕುದುರೆಯನ್ನು. ಕುದುರೆ ಬತ್ತಿಕೊಂಡಿದ್ದರೆ, ಮೂಕಪ್ರಾಣಿಗೆ ನೀರು ಕೊಡದವನು ಮಗಳನ್ನೇನು ಸಾಕಿರುತ್ತಾನೆ ಎಂದು ಸ್ಟೇಷನ್ನಿನಿಂದಲೇ ವಾಪಸ್ಸು ಹೋಗುತ್ತಾರೆ. ಗೊಂಡಾದ ಪೀರೂ ಮಿಯಾ ಅಂತೂ ಮೂರು ತಲೆಮಾರಿನ ಟಾಂಗಾದವನು. ಸಂಜೆಯ ಪ್ಯಾಸೆಂಜರಿಗೆ ಬರುವವನಿದ್ದ.

ಶುಬರಾತಿ ಮುನಿಯಾಳನ್ನು ತೊಟ್ಟಿಗೆ ಕರೆತಂದ. ಮುನಿಯಾ ಕಂದು ಬಣ್ಣದ ಹೆಣ್ಣುಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು. ಅದು ನೀರಿಗೆ ತುಟಿ ತಾಗಿಸಿ, ಯಜಮಾನನ ಮುಖ ನೋಡಿ, ತಲೆ ಎತ್ತಿಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಂದ, ಮತ್ತೂ ಅದೇ ಆಯಿತು. ಸುತ್ತಲೂ ಬೇರೆಯವರ ಕುದುರೆಗಳು ಶಿಳ್ಳೆಗೆ ತಲೆದೂಗುತ್ತ ಗಟಗಟ ಕುಡಿಯುತ್ತಿದ್ದವು.

"ಏನಯ್ಯ, ನಿನ್ನ ರಾಣಿ ಸಾಹೇಬಾ ರೋಜಾ ಉಪವಾಸ ಹಿಡಿದಿದಾಳಾ?" ಎಂದ ಝಬ್ಬನ್.

"ಹೂಂ" ಎಂದಿತು ಅಂಗವಸ್ತ್ರ.

"ಏನು ಹೂಂ? ಈ ಬಿಸಿಲಲ್ಲಿ ಮಧ್ಯಾಹ್ನದವರೆಗೂ ಕುಡೀಲಿಲ್ಲ ಅಂದ್ರೆ ಹೊಟ್ಟೆನೋವು ಬಂದು ಬಿದ್ದುಬಿಡುತ್ತೆ. ನಾಲಿಗೆ ಮೇಲೆ ಒಂದು ಹಿಡಿ ಉಪ್ಪು ಸವರು, ತಾನಾಗೇ ಕುಡೀತದೆ."

ಉಪ್ಪು ಸವರಿದರು. ಮುನಿಯಾ ಉಪ್ಪನ್ನು ಚಪ್ಪರಿಸಿ ನೆಕ್ಕಿತು, ಶುಬರಾತಿಯ ಅಂಗೈಯನ್ನೂ ನೆಕ್ಕಿತು. ನೀರು ಮಾತ್ರ ಮುಟ್ಟಲಿಲ್ಲ. ಬಾಯಾರಿಕೆ ಇಮ್ಮಡಿಯಾಗಿ ತೊಟ್ಟಿಯನ್ನೂ ಅವನನ್ನೂ ಮಿಕಿಮಿಕಿ ನೋಡುತ್ತ ನಿಂತಿತು.

ಸುದ್ದಿ ಕೇಳಿ ಛೇದಿ ಹಲವಾಯಿ ಮಿಠಾಯಿ ಅಂಗಡಿಯಿಂದ ಎದ್ದು ಬಂದ. "ಉಪ್ಪು ಯಾರಾದ್ರೂ ಹಾಕ್ತಾರಾ? ಹೆಣ್ಣುಜಾತಿಗೆ ಸಿಹಿ ಬೇಕು" ಎಂದು ಒಂದು ಬಕೆಟ್ ನೀರಿಗೆ ಬೆಲ್ಲ ಕದಡಿಸಿ ತಂದಿಟ್ಟ. ಮುನಿಯಾ ಮೂಸುವಷ್ಟರಲ್ಲಿ ಅವನ ಅಂಗಡಿಯ ಕಣಜದ ಹುಳುಗಳೆಲ್ಲ ಬೆಲ್ಲದ ಜಾಡು ಹಿಡಿದು ಬಂದವು. ಪ್ರಯಾಣಿಕರು ಗಂಟುಮೂಟೆ ಬಿಟ್ಟು ಓಡಿದರು. ಛೇದಿಯ ಕಿವಿ ಅವನದೇ ಬೂಂದಿ ಲಾಡಿನಷ್ಟು ಊದಿಕೊಂಡಿತು. ಗದ್ದಲ ತಣ್ಣಗಾದ ಮೇಲೆ ನೋಡಿದರೆ ಬಕೆಟ್ ಖಾಲಿ. ಪಕ್ಕದ ಎಕ್ಕಾಗಾಡಿಯ ರಾಮ್‌ಖಿಲಾವನ್‌ನ ಬಡಕಲು ಕುದುರೆ ತುಟಿ ಸವರಿಕೊಳ್ಳುತ್ತಿತ್ತು.

ಬೆಲ್ಲದ ಋಣ ತೀರಿಸಲೆಂದು ರಾಮ್‌ಖಿಲಾವನ್ ಮುಂದೆ ಬಂದ. "ಭಯ್ಯಾ, ಇದು ದೃಷ್ಟಿ. ಮದುವೆ ಮಾತು ನಡೀತಿರೋ ಮನೆ ಅಲ್ವಾ? ನಾನು ತೆಗೀತೀನಿ" ಎಂದು ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ಮುನಿಯಾಳ ಮೂಗಿನ ಕೆಳಗೆ ನೀವಳಿಸಿದ. ಆಗಲೇ ಸ್ಟೇಷನ್ ಮಾಸ್ಟರು ಗಲಾಟೆ ಏನೆಂದು ಕೇಳಲು ಬಂದರು, ಅಂದೇ ಇಸ್ತ್ರಿಯಾದ ಬಿಳಿ ಕೋಟು ತೊಟ್ಟು. ಮುನಿಯಾ ಸೀನಿತು. ಕುದುರೆಯ ಸೀನು ಎಂದರೆ ಸಣ್ಣದಲ್ಲ. ಕೋಟಿನ ಅವಸ್ಥೆಯನ್ನು ಹೇಳದಿರುವುದೇ ಮರ್ಯಾದೆ.

"ಸಂಜೆಯೊಳಗೆ ಈ ಪ್ರಾಣಿ ಇಲ್ಲಿ ಇರಕೂಡದು!" ಎಂದು ಕೂಗಿ ಅವರು ಮುಖ ತೊಳೆಯಲು ಓಡಿದರು.

ಶುಬರಾತಿ ಒದ್ದೆ ಗೋಣಿಯನ್ನು ಮುನಿಯಾಳ ಬೆನ್ನಿಗೆ ಹೊದಿಸಿ, ಅದರ ಕತ್ತಿಗೆ ಹಣೆ ಹಚ್ಚಿ ನಿಂತ. ಕನೀಜ್ ತೊದಲು ನುಡಿಯುವಾಗ ಮನೆಗೆ ಬಂದ ಮರಿ ಇದು. ಇಬ್ಬರೂ ಒಂದೇ ಅಂಗಳದಲ್ಲಿ ಬೆಳೆದವರು. ಇವತ್ತು ಒಬ್ಬ ಮಗಳ ಮದುವೆ ಇನ್ನೊಬ್ಬ ಮಗಳ ಗುಟುಕು ನೀರಿನ ಮೇಲೆ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಇದು ಬಿದ್ದುಹೋದರೆ ತಾನು ಹೇಗೆ ಬದುಕುವುದು ಎಂದು ಅವನ ಕಣ್ಣು ತುಂಬಿ ಬಂತು. 'ಕುಡಿಯೇ ಮಗಳೇ' ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬಾಯಿ ತೆರೆಯುವ ಹಾಗಿರಲಿಲ್ಲ.

ಗೊಂಡಾ ಕಡೆಯಿಂದ ಪ್ಯಾಸೆಂಜರು ಬಂತು. ಆ ಕಡೆಗೆ ಹೋಗುವ ಗಾಡಿಗೂ ಅದಕ್ಕೂ ಬಾರಾಬಂಕಿಯಲ್ಲೇ ಕ್ರಾಸಿಂಗ್. ಎರಡೂ ಎದುರುಬದುರು ನಿಂತವು. ಹಸಿರು ರುಮಾಲು ಸುತ್ತಿದ ಪೀರೂ ಮಿಯಾ ಇಳಿದು ಬಂದ. ಅವನೂ ಯಾಕೋ ತುಟಿ ಬಿಗಿದುಕೊಂಡು ಗಂಭೀರವಾಗಿದ್ದ. ಗಂಡಿನ ಅಪ್ಪನ ಗತ್ತು ಎಂದುಕೊಂಡರು ಎಲ್ಲರೂ.

ಸಲಾಮು ಮುಗಿಯುವ ಮುಂಚೆಯೇ ಅವನ ಕೈ ಮುನಿಯಾಳ ಕತ್ತಿಗೆ ಹೋಯಿತು. ಚರ್ಮವನ್ನು ಚಿವುಟಿ ಬಿಟ್ಟ. ಎದ್ದ ಚರ್ಮ ಕೂಡಲೇ ಇಳಿಯಲಿಲ್ಲ.

"ಬೆಳಿಗ್ಗೆಯಿಂದ ನೀರು ಕುಡಿದಿಲ್ಲ ಇದು" ಎಂದ.

ಝಬ್ಬನ್ ಅಡ್ಡ ಬಂದು, "ಉಪ್ಪು, ಬೆಲ್ಲ, ದೃಷ್ಟಿ ಎಲ್ಲಾ ಮಾಡಿದ್ವಿ ಭಾಯಿ. ಇವನೇನೂ ಕಡಿಮೆ ಮಾಡಿಲ್ಲ" ಎಂದ.

"ಶಿಳ್ಳೆ ಹಾಕಿದ್ನಾ?"

"ಇದೊಳ್ಳೆ ಮಾತು! ಟಾಂಗಾದವನಿಗೆ ಅದನ್ನ ಹೇಳಿಕೊಡ್ಬೇಕಾ? ಹಾಕೋ ಶುಬರಾತಿ, ತೋರ್ಸು."

ಶುಬರಾತಿ ಅಂಗವಸ್ತ್ರ ಸರಿಸಿ, ತುಟಿ ದುಂಡಗೆ ಮಾಡಿ ಊದಿದ. 'ಫುಸ್ಸ್' ಎಂದು ಬರೀ ಗಾಳಿ ಬಂತು. ಮತ್ತೆ ಊದಿದ, ಎಂಜಲು ಹಾರಿತು. ಇಪ್ಪತ್ತು ವರ್ಷ ಹಲ್ಲಿನ ಸಂದಿಯಿಂದ ಹೊರಟ ರಾಗಕ್ಕೆ ಇವತ್ತು ಬೀಗ ಬಿದ್ದಿತ್ತು. ಬೆಳಿಗ್ಗೆಯಿಂದ ತಾನು ಒಮ್ಮೆಯೂ ಶಿಳ್ಳೆ ಹಾಕಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು.

"ಹಲ್ಲು!" ಎಂದು ಝಬ್ಬನ್ ಕುಣಿದಾಡಿದ. "ಹಲ್ಲು ಕಟ್ಟಿಸಿದ್ದಾನೆ ಕಣ್ರೋ! ಮದುಮಗಳು ಯಾರಪ್ಪಾ?"

ನಗುವವರು ನಗಲಿ ಎಂದು ಶುಬರಾತಿ ಬೀಗರ ಮುಂದೆಯೇ ಬಾಯಿಗೆ ಬೆರಳು ಹಾಕಿ ಹಲ್ಲು ಕಿತ್ತು ಟಾಂಗಾದ ಸೀಟಿನ ಮೇಲಿಟ್ಟ. ಶಿಳ್ಳೆ ಹಾಕಿದ. ಮುನಿಯಾಳ ಕಿವಿ ನಿಮಿರಿತು. ಮೂತಿ ತೊಟ್ಟಿಗಿಳಿಯಿತು. ಗಟಗಟ ಕುಡಿಯತೊಡಗಿತು. ಛೇದಿ ಊದಿದ ಕಿವಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡ.

ಪೀರೂ ಮಿಯಾ ಮಾತ್ರ ಹಣೆ ಹಣೆ ಬಡಿದುಕೊಂಡ.

"ಯಾ ಅಲ್ಲಾ! ನನ್ನ ಸುಲ್ತಾನ್ ನಿನ್ನೆಯಿಂದ ಹನಿ ನೀರು ಮುಟ್ಟಿಲ್ಲ! ಇವತ್ತು ಬಿದಿರುಕೊಳವೆಯಲ್ಲಿ ಅಷ್ಟಿಷ್ಟು ಸುರಿದು ಬಂದೆ. ಹಕೀಮರಿಗೂ ಗೊತ್ತಾಗ್ಲಿಲ್ಲ, ನನಗೂ ಹೊಳೀಲಿಲ್ಲ!"

ಹಾಗೆನ್ನುತ್ತ ಅವನೂ ಬಾಯಿಗೆ ಕೈ ಹಾಕಿದ. ಮೇಲಿನ ಸಾಲು ಪೂರ್ತಿ ಕೈಗೆ ಬಂತು. ಅದನ್ನು ಅದೇ ಸೀಟಿನ ಮೇಲಿಟ್ಟು ಪರೀಕ್ಷೆಗೆಂದು ಒಂದು ಶಿಳ್ಳೆ ಹಾಕಿದ. ಎಂಥ ಶಿಳ್ಳೆ! ರಾಮ್‌ಖಿಲಾವನ್‌ನ ಕುದುರೆ ಕೂಡ ತಿರುಗಿ ನೋಡಿತು.

"ನಮ್ಮನೆಯವಳು, ಬೀಗರ ಮುಂದೆ ಬೋಳುಬಾಯಿ ಬೇಡ ಅಂತ ನಿನ್ನೆ..." ಎಂದು ಅವನು ಹೇಳುತ್ತಿದ್ದ ಹಾಗೇ ಗೊಂಡಾಕ್ಕೆ ಹೊರಟ ಗಾಡಿಯ ಗಾರ್ಡು ಸೀಟಿ ಊದಿದ. ಪೀರೂ ಮಿಯಾ ಹೌಹಾರಿದ. "ನನ್ನ ಸುಲ್ತಾನ್!" ಎಂದವನೇ ಸೀಟಿನ ಮೇಲೆ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಪ್ಲಾಟ್‌ಫಾರ್ಮಿನತ್ತ ಓಡಿದ. ಹೊರಟ ಗಾಡಿಯ ಕಿಟಕಿಯಿಂದ ಕೈಬೀಸುತ್ತ ಏನೋ ಕೂಗಿದ. ಹಲ್ಲಿಲ್ಲದ ಬಾಯಿಯ ಮಾತು, ಹೊಗೆಯ ಜೊತೆ ಹೊರಟುಹೋಯಿತು.

ಮನೆಯ ಅಂಗಳದಲ್ಲಿ ನೀರು ಚಿಮುಕಿಸಿ, ಚಾಪೆ ಹಾಸಿ, ಬಾಗಿಲ ಬಳಿ ಹಂಡೆಯಲ್ಲಿ ಗುಲಾಬಿ ಶರಬತ್ತು ತಣ್ಣಗಿಟ್ಟು ಬತೂಲನ್ ಕಾಯುತ್ತಿದ್ದಳು. ಪರದೆಯ ಹಿಂದೆ ಕನೀಜ್‌ಳ ಬಳೆ ಸದ್ದಾಗುತ್ತಿತ್ತು. ಟಾಂಗಾ ಖಾಲಿ ಬಂದದ್ದು ಕಂಡು ಬತೂಲನ್ ಬಾಗಿಲಿಗೆ ಓಡಿಬಂದಳು.

"ಬೀಗರೆಲ್ಲಿ?"

ಶುಬರಾತಿ ನಡೆದದ್ದನ್ನು ಹೇಳಿದ.

"ಸಂಬಂಧಕ್ಕೆ ಹೂಂ ಅಂದ್ರಾ, ಇಲ್ಲಾ ಅಂದ್ರಾ?"

"ಏನೋ ಅಂದ್ರು. ತಿಳೀಲಿಲ್ಲ."

"ಹೋಗ್ಲಿ, ನಿಮ್ಮ ಹಲ್ಲೆಲ್ಲಿ?"

ಶುಬರಾತಿ ಮೆಲ್ಲಗೆ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಗೊಂಡಾದ ಮೇಲಿನ ಸಾಲು ಪೂರ್ತಿ ಹಲ್ಲು ಕಿರಿಯುತ್ತಿತ್ತು.

"ಬೀಗರನ್ನ ಕರ್ಕೊಂಡು ಬನ್ನಿ ಅಂತ ಕಳ್ಸಿದ್ರೆ, ಬೀಗರ ಹಲ್ಲು ಮಾತ್ರ ತಂದಿದ್ದೀರಲ್ರೀ!"

ಶುಬರಾತಿ ಏನೋ ಸಮಾಧಾನ ಹೇಳಲೆಂದು ಬಾಯಿ ತೆರೆದ. ಸಂದಿಯಿಂದ ಮಾತಿಗೆ ಬದಲು ಶಿಳ್ಳೆ ಹೊರಟಿತು. ಬಾಗಿಲಲ್ಲಿದ್ದ ಮುನಿಯಾ ಅದನ್ನು ಕೇಳಿದ್ದೇ ತಡ, ಕತ್ತು ಚಾಚಿ ಶರಬತ್ತಿನ ಹಂಡೆಗೆ ಮೂತಿ ಇಳಿಸಿತು.