ಹೊಟ್ಟೆ ತುಂಬದ ಇಂಗುಗುಂಡಿ

ನಮ್ಮ ಓಣಿಯ ಬಚ್ಚಲ ನೀರನ್ನೆಲ್ಲ ಭೂಮಿಗೆ ಇಂಗಿಸಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟಾಗ, ನನ್ನನ್ನು ತಡೆಯುವ ಶಕ್ತಿ ಆ ಊರಲ್ಲಿ ಒಬ್ಬರಿಗೇ ಇತ್ತು. ಅದು ನನ್ನ ಹೆಂಡತಿ ಗಿರಿಜಾ. ದುರ್ದೈವದಿಂದ ಆಕೆ ಆಗ ತವರಿಗೆ, ಅಣ್ಣಿಗೇರಿಗೆ ಹೋಗಿದ್ದಳು.

ಎಂಬತ್ತರ ದಶಕದ ಮಾತಿದು. ಸಂಶಿಯ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಆ ಬೇಸಿಗೆ ರಜೆಯಲ್ಲಿ ತಾಲೂಕಿನಲ್ಲಿ ಗ್ರಾಮ ನೈರ್ಮಲ್ಯದ ಶಿಬಿರ ನಡೆಯಿತು. ಶಿಬಿರ ನಡೆಸಿದವರು ಕರಿಹಲಗೆಯ ಮೇಲೆ ಒಂದು ಇಂಗುಗುಂಡಿಯ ಚಿತ್ರ ಬರೆದರು. ಗುಂಡಿ ತೋಡುವುದು, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಇಟ್ಟಂಗಿ ಚೂರು, ಮೇಲೆ ಉಸುಕು ಹಾಕುವುದು. ಬಚ್ಚಲ ನೀರು ಅದರೊಳಗೆ ಇಳಿದು ಶುದ್ಧವಾಗಿ ಭೂತಾಯಿಯ ಮಡಿಲು ಸೇರುತ್ತದೆ. ಸೊಳ್ಳೆ ಇಲ್ಲ, ಕೆಸರಿಲ್ಲ, ಬಾವಿಗೆ ನೀರು, ಪಕ್ಕದಲ್ಲಿ ನಾಲ್ಕು ಬಾಳೆಗಿಡ. ಇಷ್ಟು ಸರಳ ಉಪಾಯ ಹಿರಿಯರಿಗೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಅವರ ಬಗ್ಗೆ ಮರುಕ ಹುಟ್ಟಿತು.

ನಮ್ಮ ಓಣಿಯಂತೂ ಇಂಥ ಗುಂಡಿಗಾಗಿಯೇ ಕಾದು ಕುಳಿತಂತಿತ್ತು. ಪ್ರತಿಯೊಂದು ಮನೆಯ ಬಚ್ಚಲ ತೂತಿನಿಂದ ನೀರು ಸೀದಾ ಓಣಿಗೆ. ಓಣಿಯಲ್ಲಿ ಜಿಗುಟಾದ ಕಪ್ಪು ಎರೆಮಣ್ಣು. ಕೆಸರಿಗೆ ಚಪ್ಪಲಿ ಬಿಟ್ಟುಕೊಡದೆ ಓಣಿ ದಾಟಿದವನು ಪರವೂರಿನವನಾಗಿರಲು ಸಾಧ್ಯವೇ ಇರಲಿಲ್ಲ. ಶಿಬಿರದಿಂದ ಬಂದ ಮರುದಿನವೇ ನಾನು ಓಣಿಯ ಮಂದಿಯನ್ನು ಬೇವಿನ ಗಿಡದ ಕಟ್ಟೆಗೆ ಕರೆದು ಭಾಷಣ ಮಾಡಿದೆ. ಕೊನೆಯಲ್ಲಿ ಕೈ ಎತ್ತಿ ಹೇಳಿದೆ: “ನಿಸರ್ಗದಲ್ಲಿ ಯಾವುದೂ ಕಳೆದುಹೋಗುವುದಿಲ್ಲ. ನಾವು ಮಣ್ಣಿಗೆ ಕೊಟ್ಟದ್ದು ತಿರುಗಿ ನಮ್ಮ ಊಟದ ಗಂಗಾಳಕ್ಕೇ ಬರುತ್ತದೆ!”

ಈ ಮಾತು ನನ್ನದೇ. ಬೇರೆ ಯಾರ ಮೇಲಾದರೂ ಹಾಕೋಣವೆಂದರೆ ಸಾಕ್ಷಿಗೆ ಇಡೀ ಓಣಿಯೇ ಇದೆ.

ಎದುರು ಮನೆಯ ಫಕ್ಕೀರಪ್ಪ ಎದ್ದು ನಿಂತ. ಕುರಿ ಕಾಯುವವನು, ಒಳ್ಳೆಯ ಆಳು, ನನ್ನ ಮೇಲೆ ಅಪಾರ ನಂಬಿಕೆ. “ಮಾಸ್ತರ ಹೇಳಿದ ಮ್ಯಾಲ ಮುಗೀತ್ರಿ. ಎಲ್ಲಿ ಅಗೀಲಿ ಅನ್ನೂದಷ್ಟ ಹೇಳ್ರಿ” ಎಂದ.

ನಮ್ಮ ಕಡೆ ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ನೆಲದಡಿ ಹಗೇವು ಇರುತ್ತವೆ. ಗಡಿಗೆಯ ಆಕಾರದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಕಟ್ಟಿ, ಒಳಗೆ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಹೊಚ್ಚಿ ಮಣ್ಣು ಮೆತ್ತಿಬಿಟ್ಟರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಮೇಲೆ ನಿಂತವನಿಗೆ ಕೆಳಗೆ ಕಣಜವಿದೆ ಎಂಬ ಸುಳಿವೂ ಸಿಗುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ನಾನು ಹುಂಬನಲ್ಲ. ಅದಕ್ಕೇ ಕೈಯಲ್ಲಿ ಟೇಪು ಹಿಡಿದು, ಕಿವಿಯ ಮೇಲೆ ಪೆನ್ಸಿಲು ಸಿಗಿಸಿಕೊಂಡು, ವಿಧಿಪೂರ್ವಕವಾಗಿ ವಿಚಾರಣೆಗೆ ಹೊರಟೆ. ನಾನು ಆರಿಸಿದ ಜಾಗ ಓಣಿಯಲ್ಲಿ, ನೀಲವ್ವನ ಹಿತ್ತಲ ಗೋಡೆಗೆ ಹತ್ತಿರವಿತ್ತು. ನೀಲವ್ವ ಗಂಡ ತೀರಿಹೋದ ಮೇಲೂ ಹೊಲಮನೆಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು. ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು.

“ನೀಲವ್ವಾರ, ನಿಮ್ಮ ಹಗೇವು ಎಲ್ಲಿ ಬರತೈತ್ರಿ?” ಎಂದೆ.

ಆಕೆ ನನ್ನ ಮುಖ ನೋಡಿದಳು. ಟೇಪು ನೋಡಿದಳು. ಪೆನ್ಸಿಲು ನೋಡಿದಳು.

“ಎಲ್ಲೀ ಹಗೇವು ತಗೀರಿ ಮಾಸ್ತರ. ನಮ್ಮ ಯಜಮಾನ್ರ ಕೂಡ ಅದೂ ಹ್ವಾತು. ಈಗೇನಿದ್ರೂ ಒಂದೆರಡ ಚೀಲ, ಅಟ್ಟದ ಮ್ಯಾಲ.”

ಅಲ್ಲಿಗೆ ನನ್ನ ಆತ್ಮಸಾಕ್ಷಿ ನಿರ್ಮಲವಾಯಿತು. ಅಗೆತ ಶುರುವಾಯಿತು.

ಮೇಲಿನ ಎರೆ ಮುಗಿದು ಗರಸು ಮಣ್ಣು ಹತ್ತಿದಾಗ ಫಕ್ಕೀರಪ್ಪ ಹಾರೆ ನಿಲ್ಲಿಸಿ ಗುಂಡಿಯೊಳಗಿಂದ ತಲೆ ಎತ್ತಿದ. “ಮಾಸ್ತರ, ಈ ಮಗ್ಗಲಕ ಹಾರಿ ಬಡದ್ರ ಡಬ್ ಡಬ್ ಅಂತೈತಿ. ಟೊಳ್ಳ ಐತೇನು?”

“ಇರಬೇಕು ಫಕ್ಕೀರಪ್ಪ. ಭೂಗರ್ಭದೊಳಗ ರಂಧ್ರ ಇದ್ರನ ನೀರು ಇಂಗತೈತಿ. ಭಾರೀ ಚಲೋ ಜಾಗಾ ಸಿಕ್ಕೈತಿ ನಮಗ” ಎಂದೆ. ಅವನು ತಲೆದೂಗಿ ಮತ್ತೆ ಬಗ್ಗಿದ. ಅವನು ತಲೆದೂಗಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಮಾತು ವಾದ ಮಾಡಬಾರದಿತ್ತೇ?

ಗುಂಡಿ ಸಿದ್ಧವಾಯಿತು. ಓಣಿಯ ಬಚ್ಚಲುಗಳಿಗೆಲ್ಲ ಕಾಲುವೆ ಕೂಡಿಸಿದೆವು. ಮೊದಲ ದಿನ ಮುಂಜಾನೆ ಎಲ್ಲರ ಜಳಕದ ನೀರು ಒಟ್ಟಿಗೇ ಹರಿದು ಬಂತು. ಗುಂಡಿ ಅದನ್ನು ಗಟಗಟ ಕುಡಿದು ಸುಮ್ಮನೆ ಕುಳಿತಿತು. ಮಧ್ಯಾಹ್ನದ ಪಾತ್ರೆ ತೊಳೆದ ನೀರು ಕುಡಿಯಿತು. ಸಂಜೆ ಫಕ್ಕೀರಪ್ಪನ ಎಮ್ಮೆಯ ಮೈತೊಳೆದ ನೀರೂ ಕುಡಿಯಿತು. ಮಂದಿ ಮೂಗಿನ ಮೇಲೆ ಬೆರಳಿಟ್ಟರು. ಬಾಜೂ ಓಣಿಯವರು ಬಂದು, “ನಮ್ಮ ನೀರಿಗೂ ಒಂದೀಟ ಜಾಗಾ ಕೊಡ್ರಿ” ಎಂದು ಕೇಳಿಕೊಂಡರು. ಉದಾರವಾಗಿ ಒಪ್ಪಿಗೆ ಕೊಟ್ಟೆ. ಅವರೂ ಕಾಲುವೆ ಜೋಡಿಸಿದರು. ಗುಂಡಿ ಒಂದು ತೇಗೂ ಬಿಡಲಿಲ್ಲ.

ಎಲ್ಲರಿಗಿಂತ ಹೆಚ್ಚು ಹರಸಿದವಳು ನೀಲವ್ವ. “ಓಣಿ ಬಂಗಾರ ಆತ್ರಿ ಮಾಸ್ತರ” ಎನ್ನುತ್ತ, ಕೈಯಾರೆ ತನ್ನ ಮನೆಯ ಕಲಗಚ್ಚನ್ನೂ ತಂದು ಗುಂಡಿಗೆ ಸುರಿಯುತ್ತಿದ್ದಳು. ಆಕೆಯ ಮೊಮ್ಮಗಳು ಶಾಂತಾಳ ಮದುವೆ ಗುಡಗೇರಿಯ ಮನೆತನಕ್ಕೆ ನಿಶ್ಚಯವಾಗಿತ್ತು. ದೀಪಾವಳಿ ಆದ ಮೇಲೆ ಲಗ್ನ. ಗುಡಗೇರಿಯ ಮಂದಿ ತಮ್ಮ ಹೊಲದ ಜೋಳದ ಬಗ್ಗೆ ಬಹಳ ಕೊಚ್ಚಿಕೊಂಡಿದ್ದರಂತೆ. ನೀಲವ್ವ ಅದನ್ನು ಮರೆತಿರಲಿಲ್ಲ. “ನನ್ನ ಜ್ವಾಳದ ರೊಟ್ಟಿ ತಿಂದು ಅವ್ರು ಬಾಯಿ ಮುಚ್ಚಬೇಕ್ರಿ. ಅದಕ್ಕಂತನ ಇಟ್ಟೇನಿ” ಎಂದು ಸಿಕ್ಕಾಗೊಮ್ಮೆ ಹೇಳುತ್ತಿದ್ದಳು. ಎಲ್ಲಿ ಇಟ್ಟಿದ್ದೀರಿ ಎಂದು ನಾನು ಕೇಳಲಿಲ್ಲ. ಅಟ್ಟದ ಮೇಲಿನ ಒಂದೆರಡು ಚೀಲದಲ್ಲಿ ಲಗ್ನದ ಊಟ ಹೇಗಾದೀತು ಎಂಬ ಲೆಕ್ಕ, ನಿತ್ಯ ಮಕ್ಕಳಿಗೆ ಲೆಕ್ಕ ಕಲಿಸುವ ನನಗೆ ಹೊಳೆಯಲಿಲ್ಲ.

ತವರಿನಿಂದ ಬಂದ ಗಿರಿಜಾ ಗುಂಡಿಯ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಅಲ್ರೀ, ಎರಿ ಮಣ್ಣಿನ ಮ್ಯಾಲ ಒಂದ ಕೊಡ ನೀರ ಚೆಲ್ಲಿದ್ರ ನಾಕ ದಿನ ಕೆಸರ ಆರಂಗಿಲ್ಲ. ಇದು ಎರಡ ಓಣಿ ನೀರ ಕುಡದು ಒಣಾ ಒಣಾ ಕುಂತೈತಿ. ಎಲ್ಲಿಗೆ ಹೊಂಟೈತಿ ಈ ನೀರು?”

“ಪಾತಾಳಕ್ಕ.”

“ಪಾತಾಳದಾಗ ಯಾರರ ಅದಾರೇನು ಕೇಳೀರಿಲ್ಲೋ?”

“ಕೇಳೇನಿ. ಯಾರೂ ಇಲ್ಲಂತ ನೀಲವ್ವ ಹೇಳ್ಯಾಳ.”

ದಸರೆ ಮುಗಿಯುವ ಹೊತ್ತಿಗೆ ಓಣಿಯಲ್ಲಿ ಒಂದು ವಾಸನೆ ಎದ್ದಿತು. ಹುಳಿ, ಅದರೊಳಗೆ ಒಂದಿಷ್ಟು ಸಿಹಿ. ಫಕ್ಕೀರಪ್ಪ ದಿನಾಲು ಸಂಜೆ ಗುಂಡಿಯ ಪಕ್ಕ ಬಂದು ಕಣ್ಣು ಮುಚ್ಚಿ ಕುಳಿತುಕೊಳ್ಳತೊಡಗಿದ. ಯಾಕೋ ಎಂದರೆ, “ಇಲ್ಲಿ ಕುಂತ್ರ ಮನಸಿಗೆ ಒಂಥರಾ ಸಮಾಧಾನ ಆಗತೈತ್ರಿ” ಎಂದ. ಮಾಸ್ತರರು ಹಿತ್ತಲಲ್ಲಿ ಕಳ್ಳಬಟ್ಟಿ ಇಳಿಸುತ್ತಾರಂತೆ ಎಂಬ ಸುದ್ದಿ ಸಂತೆಯಲ್ಲಿ ಹಬ್ಬಿತು. ನಾನು ವಿಚಲಿತನಾಗಲಿಲ್ಲ. “ಕಲ್ಮಷ ಕರಗುವಾಗ ಹೀಗೆ ವಾಸನೆ ಬರುವುದು ಸಹಜ” ಎಂದು ಕಟ್ಟೆಯ ಮೇಲೆ ಪ್ರಕಟಿಸಿದೆ. ಇದನ್ನು ನನಗೆ ಯಾವ ಶಿಬಿರದಲ್ಲೂ ಯಾರೂ ಹೇಳಿರಲಿಲ್ಲ.

ನಮ್ಮ ಗುಂಡಿಯ ಕೀರ್ತಿ ತಾಲೂಕಿಗೂ ಮುಟ್ಟಿತು. ಎರೆಭೂಮಿಯಲ್ಲಿ ಇಷ್ಟು ನೀರು ಕುಡಿಯುವ ಗುಂಡಿ ಇನ್ನೊಂದಿಲ್ಲವೆಂದು ನೋಡಲು ಒಬ್ಬ ಸಾಹೇಬರೇ ಜೀಪಿನಲ್ಲಿ ಬಂದರು. ಪಂಚಾಯ್ತಿ ಚೇರಮನ್ನರು ಹಾರ ತಂದಿದ್ದರು. ಓಣಿಯ ಮಂದಿಯೆಲ್ಲ ಸೇರಿದ್ದರು. ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು ಮುಂದೆ ನಿಂತಿದ್ದಳು. ಸಾಹೇಬರು ಮೂಗು ಹಿಗ್ಗಿಸಿ, “ಇಲ್ಲಿ ಏನೋ ವಾಸನೆ ಬರತೈತಲ್ರಿ?” ಎಂದರು.

“ಕಲ್ಮಷ, ಸರ್. ಕರಗಾಕತ್ತೈತಿ” ಎಂದೆ.

ಅಷ್ಟಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎತ್ತಿನ ಗಾಡಿಯ ಮೇಲೆ ಒಂದು ಪೀಪಾಯಿ ತುಂಬ ನೀರು ತರಿಸಿಟ್ಟಿದ್ದೆ. “ಎಷ್ಟ ಹಾಕಿದ್ರೂ ಕುಡೀತೈತಿ, ನೋಡ್ರಿ ಸರ್” ಎಂದು ಕೈ ಬೀಸಿದೆ. ಫಕ್ಕೀರಪ್ಪ ಪೀಪಾಯಿಯನ್ನು ಒಮ್ಮೆಲೇ ಬೋರಲು ಹಾಕಿದ.

ಗುಂಡಿ ಕುಡಿಯಿತು. ಆಮೇಲೆ ನೆಲದೊಳಗಿಂದ ಧಪ್ ಎಂದು ಒಂದು ಸಪ್ಪಳ ಬಂತು. ಗುಂಡಿಯ ಕಲ್ಲುಗಳೆಲ್ಲ ನೀಲವ್ವನ ಗೋಡೆಯ ಕಡೆಗೆ ಜಾರಿ ಕುಸಿದವು. ಕುಸಿದ ಜಾಗದಲ್ಲಿ ಬುಳುಬುಳು ಎಂದು ನೊರೆ ಎದ್ದಿತು. ನೊರೆಯ ಜೊತೆ ಬೆಳ್ಳಗೆ, ಉಬ್ಬಿದ, ಮೊಳಕೆ ಮೂತಿ ತೋರಿಸುತ್ತಿದ್ದ ಕಾಳುಗಳು ರಾಶಿರಾಶಿಯಾಗಿ ಮೇಲೆ ಬಂದವು. ವಾಸನೆಗೆ ಚೇರಮನ್ನರು ಹಾರವನ್ನೇ ಮೂಗಿಗೆ ಹಿಡಿದರು.

ನಾನು ಬಗ್ಗಿ ಒಂದು ಕಾಳು ಎತ್ತಿ ನೋಡಿದೆ.

“ಮಾಸ್ತರ, ಇದೇನ್ರಿ?” ಎಂದರು ಸಾಹೇಬರು.

“ಜೋಳ, ಸರ್.”

“ಗುಂಡಿಯೊಳಗ ಜೋಳ ಯಾಕ ಹಾಕೀರಿ?”

ಅಷ್ಟರಲ್ಲಿ ನೀಲವ್ವ ಕೂಗಿಕೊಂಡಳು. “ನನ್ನ ಹಗೇವು! ಅಯ್ಯೋ ನನ್ನ ಶಾಂತಾನ ಲಗ್ನದ ಜ್ವಾಳ!”

ನಾನು ಆಕೆಯ ಕಡೆ ತಿರುಗಿದೆ. “ನೀಲವ್ವಾರ, ಹಗೇವು ಇಲ್ಲ ಅಂದಿದ್ರೆಲ್ರಿ!”

“ಅನ್ಲಾರದ ಏನ ಮಾಡ್ಲಿ? ಜನಗಣತಿ ಅಂತ ನೀವ ಬರತೀರಿ, ದನಗಣತಿ ಅಂತ ನೀವ ಬರತೀರಿ. ಅವತ್ತ ಟೇಪ್ ಹಿಡಕೊಂಡ ಬಂದು ಹಗೇವು ಎಲ್ಲಿ ಅಂತ ಕೇಳಿದ್ರಿ. ಸರಕಾರದಾವ್ರು ಲೆವಿ ಅಂತ ಜ್ವಾಳದಾಗ ಪಾಲ ಒಯ್ಯಾಕ ಬಂದಾರಂತ ತಿಳಕೊಂಡ್ನಿ. ಸರಕಾರದ ಮನಷ್ಯಾ ಕೇಳಿದ್ರ ಐತಿ ಅನ್ನೂ ಪದ್ಧತಿ ಯಾ ಊರಾಗ ಐತ್ರಿ?”

ಮಂದಿಯೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಸಾಹೇಬರು ಸದ್ದಿಲ್ಲದೆ ಜೀಪು ಹತ್ತಿದರು. ಹಾರವನ್ನು ಚೇರಮನ್ನರು ಏನು ಮಾಡುವುದೆಂದು ತಿಳಿಯದೆ ಎತ್ತಿನ ಕೊರಳಿಗೆ ಹಾಕಿದರು. ಪೀಪಾಯಿ ಎಳೆದು ತಂದ ಎತ್ತು ಅದು. ಅಂದು ಮಾಡಬೇಕಾದ ಕೆಲಸವನ್ನು ಸರಿಯಾಗಿ ಮಾಡಿದ್ದು ಅದೊಂದೇ.

ಹಗೇವಿನ ಬಾಯಿ ತೆಗೆದು ಒಂದು ದಿನ ಕೆಟ್ಟ ಗಾಳಿ ಹೋಗಲು ಬಿಟ್ಟರು. ಕಂದೀಲು ಇಳಿಬಿಟ್ಟು, ಅದು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಫಕ್ಕೀರಪ್ಪ ಒಳಗಿಳಿದ. ಬಾಯಿ ನೀಲವ್ವನ ಹಿತ್ತಲಲ್ಲಿ, ಹೊಟ್ಟೆ ಮಾತ್ರ ನೀಲವ್ವನಿಗೂ ಗೊತ್ತಿಲ್ಲದಂತೆ ಓಣಿಯ ಕೆಳಗೆ ನನ್ನ ಗುಂಡಿಯವರೆಗೆ ಚಾಚಿತ್ತು. ಒಂದು ಮಗ್ಗುಲಿನ ಜೋಳವೆಲ್ಲ ಕೊಳೆತು ಮುದ್ದೆಯಾಗಿತ್ತು. ಅದು ತಿಪ್ಪೆ ಸೇರಿತು. ಇನ್ನೊಂದು ಮಗ್ಗುಲಿನದಕ್ಕೆ ನೀರು ತಾಗಿರಲಿಲ್ಲ, ವಾಸನೆ ಮಾತ್ರ ಚೆನ್ನಾಗಿ ತಾಗಿತ್ತು. ನೀಲವ್ವ ಒಂದು ಹಿಡಿ ಎತ್ತಿ ಮೂಸಿ, ಮತ್ತೆ ಕೆಳಗೆ ಬಿಟ್ಟಳು. ಬೈಯಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, “ಗುಡಗೇರಿಯಾವ್ರ ಮುಂದ ಹೆಂಗ ತಲಿ ಎತ್ತಲಿ?” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಚೇರಮನ್ನರು ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳಿದರು. “ಇದ್ದ ಹಗೇವು ಇಲ್ಲ ಅಂದದ್ದು ನೀಲವ್ವನ ತಪ್ಪು. ಇಲ್ಲದ ಹಗೇವಿಗೆ ನೀರ ಬಿಟ್ಟದ್ದು ಮಾಸ್ತರ ತಪ್ಪು.” ಇಷ್ಟು ಹೇಳಿ ಎಲೆಯಡಿಕೆ ಹಾಕಿಕೊಂಡರು. ಮುಂದೇನು ಎಂಬುದು ಅವರಿಗೂ ತಿಳಿದಿರಲಿಲ್ಲ.

ಆಗ ಗಿರಿಜಾ ಎದ್ದಳು. “ನಮ್ಮ ಅಪ್ಪ ವರ್ಷಕ್ಕಾಗುವಷ್ಟು ಜ್ವಾಳ ಕಳಿಸ್ಯಾನ. ಅಣ್ಣಿಗೇರಿ ಜ್ವಾಳ, ಹಾಲಿನಂಗ ಐತಿ. ನೀಲಕ್ಕಾ, ಲಗ್ನಕ್ಕ ಅದನ್ನ ಒಯ್ಯಿರಿ. ಈ ಹಗೇದ ಜ್ವಾಳ ನಮ್ಮ ಮನೀಗೆ ಹಾಕ್ರಿ. ನಮ್ಮನಿಯಾವ್ರು ಉಣತಾರ.”

ಗಂಡನ ಪರವಾಗಿ ಹೆಂಡತಿ ಇಷ್ಟು ಧೈರ್ಯದಿಂದ ಮಾತು ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲಗ್ನ ಚೆನ್ನಾಗಿ ಆಯಿತು. ಗುಡಗೇರಿಯವರು ರೊಟ್ಟಿಯನ್ನು ಮತ್ತೆ ಮತ್ತೆ ನೀಡಿಸಿಕೊಂಡು ಉಂಡು, “ಜ್ವಾಳ ಅಂದ್ರ ಇದು” ಎಂದರು. ನೀಲವ್ವ ನನ್ನ ಗಂಗಾಳಕ್ಕೂ ತಾನೇ ರೊಟ್ಟಿ ಹಾಕಿ, “ಉಣ್ರಿ ಮಾಸ್ತರ, ಇವತ್ತೊಂದ ದಿನ ಹೊಟ್ಟಿ ತುಂಬ ಉಣ್ರಿ” ಎಂದಳು. ಆ ಒಂದು ದಿನದ ಅರ್ಥ ನನಗೆ ಮರುದಿನವೇ ಆಯಿತು.

ಊರ ಮಂದಿಗೂ ಬುದ್ಧಿ ಬಂದಿತ್ತು. ನಾನು ಎಲ್ಲಿಯಾದರೂ ಸುಮ್ಮನೆ ನೆಲ ನೋಡುತ್ತ ನಿಂತರೆ ಸಾಕು, ಯಾರಾದರೂ ಮನೆಯೊಳಗಿಂದ ಓಡಿ ಬಂದು, “ಇಲ್ಲಿ ನಮ್ಮ ಹಗೇವು ಐತ್ರಿ ಮಾಸ್ತರ” ಎನ್ನುತ್ತಿದ್ದರು. ಅಂಗೈಯಗಲ ಹೊಲವಿಲ್ಲದವರೂ ಎರಡೆರಡು ಹಗೇವು ಹೇಳಿದರು. ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಡಲು ಗುದ್ದಲಿ ಎತ್ತಿದಾಗ ಹೆಡ್‌ಮಾಸ್ತರರೂ ಹೊರಗೆ ಬಂದು, “ಇಲ್ಲೊಂದ ಹಗೇವು ಇರಬೇಕು” ಎಂದುಬಿಟ್ಟರು.

ಇನ್ನು ಮನೆಯಲ್ಲಿ. ಗಿರಿಜಾ ಆ ಜೋಳವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು, ಕೇರಿದಳು, ಮತ್ತೆ ಹರವಿದಳು. ವಾಸನೆ ಹೋಗಲಿಲ್ಲ. ಬಿಸಿ ರೊಟ್ಟಿ ಮುರಿದ ಕೂಡಲೇ ಒಳಗಿಂದ ಜಳಕದ ಸೋಪಿನ ಹಬೆ ಏಳುತ್ತಿತ್ತು. ತನಗೆ ಮಾತ್ರ ಆಕೆ ಅನ್ನ ಮಾಡಿಕೊಳ್ಳುತ್ತಿದ್ದಳು. ಮೊದಲ ದಿನ ನಾನು ತುತ್ತು ಬಾಯಲ್ಲಿಟ್ಟುಕೊಂಡು ಆಕೆಯ ಕಡೆ ದೀನನಾಗಿ ನೋಡಿದೆ.

“ಯಾಕ್ರೀ? ಮಣ್ಣಿಗೆ ಕೊಟ್ಟದ್ದು ತಿರುಗಿ ಗಂಗಾಳಕ್ಕ ಬರತೈತಿ ಅಂತ ಕಟ್ಟಿ ಮ್ಯಾಲ ನಿಂತು ಹೇಳಿದ್ರೆಲ್ಲ. ಬಂದೈತಿ. ಉಣ್ರಿ” ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಉಂಡೆ. ಆ ಜೋಳ ಮುಗಿಯುವಷ್ಟರಲ್ಲಿ ರೊಟ್ಟಿ ಮೂಸಿಯೇ ಇದು ಕೆಂಪು ಸೋಪು, ಇದು ಸೀಗೆಕಾಯಿ, ಇದು ಫಕ್ಕೀರಪ್ಪನ ಎಮ್ಮೆ ಎಂದು ಹೇಳುವಷ್ಟು ಪರಿಣತಿ ಬಂದಿತ್ತು. ನನ್ನ ಮನೆಯ ಬಚ್ಚಲ ನೀರು ಯಾವುದೆಂದು ಮಾತ್ರ ಕೊನೆಯವರೆಗೂ ಗುರುತು ಹತ್ತಲಿಲ್ಲ. ಅದರ ರುಚಿ ನಾಲಿಗೆಗೆ ಒಗ್ಗಿಹೋಗಿತ್ತು.