ಓಡೋರ ಹೊಟ್ಟೆಗೆ ಊರೆಲ್ಲ ಡಾಕ್ಟ್ರು

ಇಪ್ಪತ್ತೊಂದು ವರ್ಷದಿಂದ ಕೋಲಾರದ ಸುತ್ತಮುತ್ತಲಿನ ಶಾಲೆಗಳಲ್ಲಿ ನಾನು ಪೀಟಿ ಮಿಸ್ಸು. ದೂರದ ಓಟ ಓಡೋರು ಯಾವಾಗ ಏನು ತಿನ್ನಬೇಕು, ಎಷ್ಟು ನೀರು ಕುಡೀಬೇಕು ಅಂತ ಹೇಳೋದು ನನ್ನ ಅರ್ಧ ಕೆಲಸ. ಹೇಳಿದ್ದನ್ನು ಕೇಳದೆ ಜನ ಮಾಡಿಟ್ಟ ಅವಾಂತರ ಸರಿಮಾಡೋದು ಇನ್ನರ್ಧ. ಗಣಿತ ಹೇಳಿಕೊಡೋರ ಹತ್ತಿರ ಯಾರೂ ಹೋಗಿ, "ಎರಡೂ ಎರಡೂ ಐದು ಅಂತ ನಮ್ಮಜ್ಜಿ ಹೇಳ್ತಿದ್ರು" ಅನ್ನೋದಿಲ್ಲ. ನನಗೆ ಮಾತ್ರ ದಿನಾ ಯಾರಾದರೊಬ್ಬರ ಅಜ್ಜಿ ಅಡ್ಡ ಬರ್ತಾರೆ. ಹೊಟ್ಟೆ ಉರಿಯುತ್ತೆ. ಬರೆದರಾದರೂ ತಣ್ಣಗಾಗುತ್ತೇನೋ ನೋಡೋಣ.

೧. ಒಂದು ಚೊಂಬು ಹಾಲು

ಕ್ಯಾಲನೂರು ಕಡೆಯ ಹುಡುಗಿಯೊಬ್ಬಳು ಮೂರು ಸಾವಿರ ಮೀಟರ್ ಓಡುತ್ತಿದ್ದಳು. ಒಳ್ಳೇ ಓಟಗಾರ್ತಿ. ಆದರೆ ಬೆಳಗಿನ ಅಭ್ಯಾಸದಲ್ಲಿ ಎರಡನೇ ಸುತ್ತು ಮುಗಿಯೋ ಹೊತ್ತಿಗೆ ಬೇವಿನ ಮರದ ಬುಡಕ್ಕೆ ಹೋಗಿ ವಾಂತಿ ಮಾಡೋಳು.

"ಏನು ತಿಂದು ಬರ್ತೀಯೇ?" ಅಂದೆ.

"ತಿನ್ನಲ್ಲ ಮಿಸ್, ಕುಡೀತೀನಿ. ಅಮ್ಮ ಒಂದು ಚೊಂಬು ಹಾಲಿಗೆ ಎರಡು ಹಸಿ ಮೊಟ್ಟೆ ಒಡೆದು ಹಾಕಿ ಕೊಡ್ತಾರೆ."

ಸಿಟ್ಟು ನೆತ್ತಿಗೇರಿತು. ಅವತ್ತೇ ಅವರ ಮನೆಗೆ ಹೋದೆ. ಅಂಗಳದಲ್ಲಿ ನಾಲ್ಕು ಸೀಮೆ ಹಸು. ತಾಯಿ ಆಗ ತಾನೇ ಹಾಲು ಕರೆದು ಎದ್ದಿದ್ದರು.

"ನೋಡಮ್ಮ, ಓಡೋಕೆ ಮುಂಚೆ ಹಾಲು ಕೊಡಬೇಡಿ. ಅರಗೋಕೆ ಹೊತ್ತು ಬೇಕು. ಒಂದು ಬಾಳೆಹಣ್ಣು, ಒಂದಿಷ್ಟು ನೀರು, ಸಾಕು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಡೈರಿಗೆ ಹಾಲು ಹಾಕೋ ಮನೇಲಿ ಮಗು ಬಾಳೆಹಣ್ಣು ತಿಂದು ಓಡಬೇಕಾ? ಅದಿರಲಿ ಮಿಸ್, ನೀವೇನು ಹಿಂಗೆ ಸೊರಗಿದೀರಾ?" ಅಂತ ಒಳಗೆ ಹೋಗಿ ಅದೇ ಚೊಂಬು ತಂದು ನನ್ನ ಕೈಗೇ ಕೊಟ್ಟರು!

ಬೇಡ ಅಂದರೆ ಮಗಳನ್ನು ಓಟಕ್ಕೇ ಕಳಿಸದೆ ಇದ್ದಾರು ಅನ್ನೋ ಭಯ. ಕಣ್ಣು ಮುಚ್ಚಿ ಕುಡಿದೆ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅದು ಹೋದರೆ ಇನ್ನೊಂದು ಗಂಟೆ ಬಸ್ಸಿಲ್ಲ. ಓಡಿದೆ. ಹಿಪ್ಪುನೇರಳೆ ತೋಟದ ಬದುವಿನ ತನಕ ಓಡಿದೆ, ಅಷ್ಟೇ. ಅಲ್ಲೇ ಬಗ್ಗಿ ನಿಂತೆ.

ಅದನ್ನು ನೋಡಿ ಆಕೆ ಮಗಳ ಹಾಲನ್ನು ಓಟ ಮುಗಿದ ಮೇಲೆ ಕೊಡೋಕೆ ಒಪ್ಪಿದರು. ನನ್ನ ಮೇಲಿನ ಕನಿಕರ ಮಾತ್ರ ಕಡಿಮೆಯಾಗಲಿಲ್ಲ.

"ಎಷ್ಟು ನಿಶ್ಶಕ್ತಿ ನೋಡಿ ನಿಮಗೆ! ನಾಳೆಯಿಂದ ದಿನಾ ಬನ್ನಿ ಮಿಸ್, ಮೂರು ಮೊಟ್ಟೆ ಹಾಕ್ತೀನಿ."

೨. ಕೂತು ಕುಡಿ

ಮುಳಬಾಗಿಲಿನಲ್ಲಿದ್ದಾಗ ತಾಯಲೂರು ರಸ್ತೆಯಲ್ಲಿ ಊರ ಯುವಕರು ಹತ್ತು ಕಿಲೋಮೀಟರ್ ಓಟ ಇಟ್ಟಿದ್ದರು. ಅರ್ಧ ದಾರಿಯಲ್ಲಿ ನೀರು ಕೊಡೋ ಜವಾಬ್ದಾರಿ ನನ್ನದು. ಲೋಟಕ್ಕೆ ಅರ್ಧ ನೀರು, ಕೈ ಚಾಚಿ ಹಿಡಿಯೋದು, ಓಡೋರು ನಿಲ್ಲದೆ ಕಿತ್ತುಕೊಂಡು ಹೋಗೋದು, ಹೀಗೆ ಎಲ್ಲಾ ಯೋಚಿಸಿಟ್ಟಿದ್ದೆ. ರಸ್ತೆ ಪಕ್ಕದ ಮನೆಯ ಅಜ್ಜಿ ಕೊಳದಪ್ಪಲೆ ತುಂಬಾ ನೀರು ತುಂಬಿಟ್ಟು, "ನೀನು ಹೋಗಮ್ಮ, ನಾನು ನೋಡ್ಕೊತೀನಿ" ಅಂದರು. ಆಟೋದಲ್ಲಿದ್ದ ಲೋಟಗಳನ್ನು ತರೋಕೆ ಐದು ನಿಮಿಷ ಹೋದೆ. ಅದೇ ನಾನು ಮಾಡಿದ ತಪ್ಪು.

ಬಂದು ನೋಡಿದರೆ ರಸ್ತೆಗೆ ಬೆಂಚು ಬಂದಿದೆ. ಮುಂದಿದ್ದ ಆರು ಓಟಗಾರರು ಮದುವೆ ಪಂಕ್ತಿಯ ಹಾಗೆ ಸಾಲಾಗಿ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಮಜ್ಜಿಗೆ.

"ಅಜ್ಜೀ, ಇದು ರೇಸು! ಯಾಕೆ ಕೂರಿಸಿದ್ರಿ?"

"ನಿಲಬಡಿ ತಾಗಿತೇ ಮೋಕಾಳ್ಳು ಪೋತಾಯಮ್ಮಾ."

ಅಜ್ಜಿ ತೆಲುಗಿಗೆ ಇಳಿದರು. ನಿಂತು ಕುಡಿದರೆ ಮೊಣಕಾಲು ಹೋಗ್ತವಂತೆ! ಏಳಲು ನೋಡಿದ ಒಬ್ಬನ ಭುಜ ಒತ್ತಿ, "ಕೂರ್ಚೋ ನಾಯನಾ, ತೊಂದರೇಮುಂದಿ?" ಅಂದರು. ಏನವಸರ ಅಂತೆ. ಓಟದ ಪಂದ್ಯದಲ್ಲಿ ಏನವಸರ ಅಂತ ಕೇಳಿದವರನ್ನು ನಾನು ಅವತ್ತೇ ನೋಡಿದ್ದು.

ಅಷ್ಟರಲ್ಲಿ ಏಳನೆಯವನು ತಲೆಗೆ ಟವೆಲ್ ಹೊದ್ದು, ಮುಖ ಮುಚ್ಚಿಕೊಂಡು, ರಸ್ತೆಯ ಆಚೆ ಅಂಚಿನಲ್ಲಿ ಪರಾರಿಯಾದ. ಗೆದ್ದವನೂ ಅವನೇ.

"ಒಂದು ತೊಟ್ಟು ನೀರೂ ಕುಡೀದೆ ಹೋದ್ಯಲ್ಲಪ್ಪ, ಬಿಸಿಲಿಗೆ ಬಿದ್ದಿದ್ರೆ?" ಅಂತ ಬೈದೆ.

"ಏನ್ಮಾಡ್ಲಿ ಮೇಡಂ, ಆಯಮ್ಮ ನಮ್ಮತ್ತೆ. ಕೂತಿದ್ದಿದ್ರೆ ಊಟ ಮಾಡಿಸಿಯೇ ಕಳಿಸ್ತಿದ್ದಿದ್ದು."

೩. ಜೆಲ್

ಮಾಲೂರಿನಲ್ಲಿ ನನ್ನ ಜೊತೆ ಓಡುತ್ತಿದ್ದವರಲ್ಲಿ ಲಕ್ಕೂರಿನ ಒಬ್ಬ ಫ್ಯಾಕ್ಟರಿ ನೌಕರರಿದ್ದರು. ಮೊದಲ ಸಲ ಇಪ್ಪತ್ತೊಂದು ಕಿಲೋಮೀಟರ್ ಓಡೋಕೆ ಹೊರಟಿದ್ದರು. ದಾರಿಯಲ್ಲಿ ಸುಸ್ತಾದರೆ ಇರಲಿ ಅಂತ ಒಂದು ಎನರ್ಜಿ ಜೆಲ್ ಪ್ಯಾಕೆಟ್ ಕೊಟ್ಟು, "ಹತ್ತು ಕಿಲೋಮೀಟರ್ ಆದ ಮೇಲೆ ತಗೊಳ್ಳಿ" ಅಂದೆ. ತಿನ್ನಿ ಅಂತ ಬಿಡಿಸಿ ಹೇಳಲಿಲ್ಲ. ಜೆಲ್ಲನ್ನು ತಿನ್ನದೆ ಇನ್ನೇನು ಮಾಡ್ತಾರೆ?

ಓಟ ಮುಗಿಸಿ ಬಂದರು. ಎರಡೂ ಮೊಣಕಾಲು ಮಿರಮಿರ ಮಿಂಚುತ್ತಿವೆ. ಹಿಂದೆ ನೊಣಗಳ ದಂಡು.

"ರೀ, ಅದು ತಿನ್ನೋದು! ಸಕ್ಕರೆ ಪಾಕ ಅದು!"

"ಸುಮ್ನಿರಿ ಮೇಡಂ, ಹಚ್ಚಿದ ತಕ್ಷಣ ನೋವು ಮಾಯ. ಇನ್ನೊಂದು ಪ್ಯಾಕೆಟ್ ಇದ್ರೆ ಕೊಡಿ, ನಮ್ಮಮ್ಮನ ಮಂಡಿಗೆ."

೪. ಮೂವತ್ತು ಪ್ಯಾಕೆಟ್ ಓಆರ್‌ಎಸ್

ಇದು ಶ್ರೀನಿವಾಸಪುರದ್ದು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ. ನಮ್ಮ ಶಾಲೆಯ ಆರು ಹಾಸ್ಟೆಲ್ ಹುಡುಗಿಯರು ಗುಡ್ಡಗಾಡು ಓಟಕ್ಕೆ ಆಯ್ಕೆಯಾಗಿದ್ದರು. ಹಿಂದಿನ ವರ್ಷ ಒಬ್ಬಳು ಬೆವರಿ ಬೆವರಿ ತಲೆಸುತ್ತಿ ಬಿದ್ದಿದ್ದಳು. ಈ ಸಲ ಹಾಗಾಗಬಾರದು ಅಂತ ಹೊರಡೋ ಹಿಂದಿನ ದಿನ ಮೆಡಿಕಲ್ ಸ್ಟೋರ್‌ಗೆ ಹೋದೆ.

"ಮೂವತ್ತು ಓಆರ್‌ಎಸ್ ಕೊಡಿ."

ಅಂಗಡಿಯವರು ದನಿ ತಗ್ಗಿಸಿದರು. "ಎಷ್ಟು ಜನಕ್ಕೆ ಮೇಡಂ?"

"ಆರು ಹುಡುಗೀರಿಗೆ."

"ಯಾವಾಗಿಂದ?"

ಅಭ್ಯಾಸದ ಬಗ್ಗೆ ಕೇಳ್ತಿದ್ದಾರೆ ಅಂದುಕೊಂಡೆ. "ಒಂದು ತಿಂಗಳಾಯ್ತು. ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

"ಎರಡೇ ಸಲ ಅಂದ್ರೆ ಪರವಾಗಿಲ್ಲ ಬಿಡಿ."

"ಏನು ಪರವಾಗಿಲ್ಲ! ಸಾಲದು ಅಂತ ಹೋದ ವಾರದಿಂದ ಮೂರು ಸಲ ಮಾಡಿಸ್ತಿದೀನಿ."

"ನೀವೇ ಮಾಡಿಸ್ತಿದೀರಾ?" ಅಂತ ಅವರು ಬಾಯಿ ತೆರೆದುಕೊಂಡು ನಿಂತರು. ಪ್ಯಾಕೆಟ್ ಎತ್ತಿಕೊಂಡು ಬಂದೆ.

ಸಂಜೆಯೊಳಗೆ ಊರೆಲ್ಲ ಸುದ್ದಿ: ಹಾಸ್ಟೆಲ್‌ನಲ್ಲಿ ವಾಂತಿಭೇದಿ. ಹೆಡ್ ಮಾಸ್ಟರು ಆಸ್ಪತ್ರೆಯ ಸಿಸ್ಟರನ್ನು ಕರೆದುಕೊಂಡು ಏದುಸಿರು ಬಿಡುತ್ತಾ ಮೈದಾನಕ್ಕೆ ಬಂದರು.

"ನಾಳೆ ಈ ಮಕ್ಕಳನ್ನ ಕಳಿಸೋ ಹಾಗಿಲ್ಲ ಮೇಡಂ. ದಾರೀಲಿ ಏನಾದ್ರೂ ಆದ್ರೆ ಯಾರು ಹೊಣೆ?"

ಆರೂ ಹುಡುಗಿಯರ ಮುಖ ಬಾಡಿಹೋಯಿತು. ಒಬ್ಬಳು ಅಳೋಕೆ ಶುರುಮಾಡಿದಳು. ತಿಂಗಳ ಬೆವರು ಒಂದು ಪುಕಾರಿಗೆ ಹೋಗೋದಾ? ನನಗೆ ರೇಗಿತು. "ಯಾರಿಗೂ ಏನೂ ಆಗಿಲ್ಲ ಸಾರ್! ಎಷ್ಟು ಗಟ್ಟಿಯಾಗಿದ್ದಾರೆ, ನೀವೇ ನೋಡಿ!" ಅಂತ ಜೋರಾಗಿ ಸೀಟಿ ಊದಿದೆ.

ಆರು ಜನವೂ ಬಿಟ್ಟ ಬಾಣದ ಹಾಗೆ ಮೈದಾನದ ಆ ತುದಿಗೆ ಓಡಿದರು. ಆ ತುದಿಯಲ್ಲಿ ಶಾಲೆಯ ಶೌಚಾಲಯ ಇದೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಸಿಸ್ಟರ್ ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಪಾಪ, ಆರು ಜನಕ್ಕೂ ಒಟ್ಟಿಗೇ ಬಂತಲ್ಲಾ!"

ಕೊನೆಗೆ ಆ ಸಿಸ್ಟರೇ ಒಬ್ಬೊಬ್ಬರ ಹೊಟ್ಟೆ ಮುಟ್ಟಿ, ನಾಲಿಗೆ ನೋಡಿ, ಏನೂ ಇಲ್ಲ ಅಂತ ಬರೆದುಕೊಟ್ಟ ಮೇಲೆ ಹೆಡ್ ಮಾಸ್ಟರು ಅರೆಮನಸ್ಸಿನಿಂದ ಕಳಿಸಿದರು. ಹುಡುಗಿಯರು ಹದವಾಗಿ ಓಆರ್‌ಎಸ್ ಕುಡಿದರು, ಒಬ್ಬಳೂ ಬೀಳಲಿಲ್ಲ, ಕಪ್ ಗೆದ್ದರು. ಈಗಲಾದರೂ ನನ್ನ ಮಾತಿಗೆ ಬೆಲೆ ಬಂತು ಅಂತ ಬೀಗಿಕೊಂಡು ಸೋಮವಾರದ ಪ್ರಾರ್ಥನೆಗೆ ನಿಂತೆ.

ಹೆಡ್ ಮಾಸ್ಟರು ಗದ್ಗದಿತರಾಗಿ ಮೈಕ್ ಹಿಡಿದರು. "ಮಕ್ಕಳೇ, ಇವರನ್ನು ನೋಡಿ ಕಲೀರಿ! ಹೊಟ್ಟೆ ಅಷ್ಟು ಕೆಟ್ಟಿದ್ದರೂ ಈ ಹೆಣ್ಣುಮಕ್ಕಳು ದಾರಿಯಲ್ಲಿ ಎಲ್ಲೂ ಒಂದು ಕ್ಷಣ ನಿಲ್ಲಲಿಲ್ಲ!"

ನನ್ನ ಪಕ್ಕದಲ್ಲಿದ್ದ ಕನ್ನಡ ಮೇಷ್ಟ್ರು ಮೆಲ್ಲಗೆ ಹೇಳಿದರು, "ಹೆಂಗೆ ನಿಲ್ತಾರೆ ಪಾಪ, ನಿಲ್ಲೋ ಕಾಯಿಲೆನಾ ಅದು?"